ಅನುಮತಿಸಬೇಡಿ

ಅವರ ಬಲಗೈಯ ನಡುವಿನ ಮೂರು ಬೆರಳುಗಳ ತುದಿ ಸದಾ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ, ತೋಳಿಗೆ, ಕೊರಳಿಗೆ ವಿಭೂತಿ ಎಳೆದುಕೊಂಡ ಮೇಲೆ ಬೆರಳು ಒರೆಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಹಾಗಾಗಿ ಅವರು ಮುಟ್ಟಿದ್ದಕ್ಕೆಲ್ಲ ಆ ಗುರುತು ಬೀಳುತ್ತಿತ್ತು. ಹಾಲಿನ ಪಾತ್ರೆಗೆ, ಮಹಡಿ ಮೆಟ್ಟಿಲ ಪಕ್ಕದ ಗೋಡೆಗೆ, ನನ್ನ ಭುಜಕ್ಕೆ, ಕೊನೆಕೊನೆಗೆ ಹೊಸ ಫೋನಿನ ಗಾಜಿಗೆ.

ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಅವರ ಸಂಸಾರ ಕೆಳಗೆ, ನಾನೊಬ್ಬಳೇ ಮೇಲೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಮೈಸೂರಿನಿಂದ ಬಂದವಳಿಗೆ ಈ ಊರಿನಲ್ಲಿ ಕನ್ನಡ ಕೇಳಿಸಿದ್ದು ಅವರ ಬಾಯಲ್ಲೇ. ಊರಿನ ಮಠವೊಂದರ ಕಡೆಯವರೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ವಿಜಯಪುರದ ಕಡೆಯ ಹಳ್ಳಿಯಿಂದ ಲಗ್ನವಾಗಿ ಬಂದವರು. ಗಂಡ ಆ ಮಠದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ. ಊರಿಗೆ ಹೋಗಿದ್ದಾಗ ತೀರಿಕೊಂಡು, ಅಲ್ಲೇ ಹೊಲದ ಬದುವಿನಲ್ಲಿ ಮಣ್ಣಾದರು. ಅವ್ವನ ಜನ ಹೆಣ ಸುಡುವವರಲ್ಲ. ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಹೂಳುವವರು. ‘ಮಣ್ಣು ಮಾಡುವುದು’ ಎಂದರೆ ಅವ್ವನ ಬಾಯಲ್ಲಿ ಅದೊಂದೇ ಅರ್ಥ.

ಫೋನು ತಂದುಕೊಟ್ಟವನು ಮಗ. ಕಾಶಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರೆಬರೆ ಕೇಳಿಸಿಕೊಳ್ಳುತ್ತಿದ್ದ, ಓದಲು ಬಾರದು. ಕೆಟ್ಟವನೆಂದು ಬರೆದುಬಿಟ್ಟರೆ ನನಗೆ ಸುಲಭ, ಆದರೆ ಅವನು ಕೆಟ್ಟವನಲ್ಲ. ಅವ್ವ ಬೆಳಿಗ್ಗೆ ಘಾಟಿನ ಮೇಲೆ ನಡೆಯುತ್ತ ಎಲ್ಲೆಲ್ಲಿಗೋ ಹೋಗಿಬಿಡುತ್ತಾರೆ, ಎಲ್ಲಿದ್ದಾರೆಂದು ತಿಳಿಯುವುದಿಲ್ಲ, ಅದಕ್ಕೇ ಈ ಫೋನು ಎಂದ. ಒತ್ತುಗುಂಡಿಯ ಹಳೆಯ ಫೋನನ್ನು ಅವರ ಕೈಯಿಂದ ತೆಗೆದುಕೊಂಡು, ಹೊಸದನ್ನು ಡಬ್ಬಿಯ ಸಮೇತ ನನ್ನ ಕೈಗಿತ್ತು, “ದೀದೀ, ಆಪ್ ಹೀ ಸಿಖಾಯಿಯೇ”, ನೀವೇ ಕಲಿಸಿ ಎಂದು ಹೊರಟುಹೋದ.

ಮೆಟ್ಟಿಲ ಮೇಲೆ ಕುಳಿತು ಶುರು ಮಾಡಿದೆವು. ಮೊದಲು ಬಂದದ್ದು ಭಾಷೆಗಳ ಉದ್ದನೆಯ ಪಟ್ಟಿ. ಕನ್ನಡ ಎಂಬ ಮೂರು ಅಕ್ಷರ ಕಂಡ ಕೂಡಲೇ ಅವ್ವ ನನ್ನ ಕೈ ಸರಿಸಿ ತಾವೇ ಒತ್ತಿದರು. ಗಾಜಿನ ಮೇಲೆ ಮೊದಲ ಬೂದಿ ಬಿತ್ತು. ‘ಮುಂದುವರಿಯಲು ಪರದೆಯನ್ನು ಸ್ಪರ್ಶಿಸಿ’ ಎಂದಿತು ಫೋನು. ಅವ್ವ ಕಿಟಕಿಯ ಕಡೆ ನೋಡಿದರು.

“ಪರದೆ ಒಗ್ಯಾಕ ಹಾಕೇನಲ್ಲ ತಂಗಿ, ಯಾವುದನ್ನ ಮುಟ್ಟಲಿ?”

ನಾನು ನಕ್ಕೆ. ಅವರೂ ನಕ್ಕರು. “ಇದರ ಕನ್ನಡ ಯಾವೂರದು? ನಿಮ್ಮ ಮೈಸೂರಿನವರ ಬರದಿರಬೇಕು. ಮನ್ಯಾಗ ಯಾರೂ ಹಿಂಗ ಮಾತಾಡಂಗಿಲ್ಲ.”

ಆಮೇಲೆ ಅದು ಒಂದೊಂದಾಗಿ ಅಪ್ಪಣೆ ಕೇಳತೊಡಗಿತು. ನಿಮ್ಮ ಸಂಪರ್ಕಗಳನ್ನು ನೋಡಲು ಅನುಮತಿಸಬೇಕೇ? ಕೆಳಗೆ ಎರಡು ಸಾಲು: ಅನುಮತಿಸಿ, ಅನುಮತಿಸಬೇಡಿ. ಅವ್ವ ಬೆರಳು ಎತ್ತಿ ಹಿಡಿದು, ಓದಿ, ಮತ್ತೆ ಓದಿದರು.

“ಇದು ನನ್ನ ಕೇಳಾಕತ್ತೈತೇನ?”

“ಹೌದವ್ವ, ನಿಮ್ಮನ್ನೇ.”

“ಬ್ಯಾಡ ಅಂದರ ಸುಮ್ಮನಿರತೈತಿ?”

“ಇರತ್ತೆ.”

ಅವರು ‘ಅನುಮತಿಸಬೇಡಿ’ ಒತ್ತಿದರು. ಫೋನು ತೆಪ್ಪಗೆ ಮುಂದಿನದಕ್ಕೆ ಹೋಯಿತು. ಫೋಟೋಗಳನ್ನು ನೋಡಲೇ? ಬೇಡ. ಸೂಚನೆಗಳನ್ನು ಕಳಿಸಲೇ? ಬೇಡ. ಸ್ಥಳ ತಿಳಿಯಲೇ? ಬೇಡ. ಅವರ ಮುಖದಲ್ಲಿ ಮೂಡಿದ ಖುಷಿಯನ್ನು ನಾನು ಮತ್ತೆಂದೂ ಅಷ್ಟು ನಿಚ್ಚಳವಾಗಿ ಕಾಣಲಿಲ್ಲ.

“ಲಗ್ನ ಮಾಡೂಮುಂದ ನಮ್ಮಪ್ಪ ಕೇಳಲಿಲ್ಲ. ಕಾಶೀಗೆ ಕರಕೊಂಡ ಬರೂಮುಂದ ಇವರು ಕೇಳಲಿಲ್ಲ. ಸಾಲಿ ಬಿಡಿಸೂಮುಂದ ಯಾರು ಕೇಳ್ಯಾರ? ಈ ಮೂಳ ನೋಡ, ಹುಬ್ಬು ಹಾರಸೂದಕ್ಕೂ ಅಪ್ಪಣಿ ಕೇಳತೈತಿ.”

ಇಷ್ಟನ್ನೂ ಅವರು ಅದೇ ದಿನ ಆಡಿದರೋ, ಬೇರೆ ಬೇರೆ ದಿನ ಆಡಿದ್ದನ್ನು ನಾನು ಆ ಮೆಟ್ಟಿಲ ಮೇಲೆ ಸೇರಿಸಿ ಇಟ್ಟಿದ್ದೇನೋ, ಖಚಿತವಾಗಿ ಹೇಳಲಾರೆ. ಹೋದವರನ್ನು ನೆನಪು ಇನ್ನಷ್ಟು ಚೂಪಾಗಿ ಮಾತಾಡಿಸುತ್ತದೆ. ಆದರೆ ‘ಬ್ಯಾಡ’ ಎಂದು ಒತ್ತಿದ ಪ್ರತಿ ಸಲ ಅವರು ನನ್ನ ಮುಖ ನೋಡಿದ್ದು ನಿಜ.

ಸಂಜೆ ಕೆಳಗಿನಿಂದ ಮಗನ ದನಿ ಕೇಳಿಸಿತು. “ಅಮ್ಮಾ, ಲೊಕೇಶನ್ ಕಾಹೇ ಬಂದ್ ಕರ್ ದಿಯೇ?” ಏಕೆ ಮುಚ್ಚಿದೆ ಎಂದು.

“ಗಂಗಾ ಎಲ್ಲೈತಿ ಗೊತ್ತೈತಿಲ್ಲೋ ನಿನಗ? ಅದರ ದಂಡಿಗೇ ಇರತೀನಿ. ಹುಡುಕ್ಕೊಂಡ ಬಾ.”

ಚಿತ್ರದ ಗುರುತು ಹಿಡಿದು ಅವನು ಅದನ್ನು ಆನ್ ಮಾಡಿದರೆ ಇವರು ಆಫ್ ಮಾಡುವರು. ಫೋನಿನ ಭಾಷೆಯನ್ನು ಹಿಂದಿಗೆ ತಿರುಗಿಸಲು ಅವನು ಒಂದೆರಡು ಸಲ ನೋಡಿದ. ಕನ್ನಡದ ಅಕ್ಷರಗಳ ನಡುವೆ ದಾರಿ ಸಿಗದೆ ಬಿಟ್ಟ. ಇಡೀ ಮನೆಯಲ್ಲಿ ಬೇರೆಯವರ ಕೈಗೆ ಪೂರ್ತಿ ಸಿಗದ ವಸ್ತು ಅವ್ವನಿಗಿದ್ದದ್ದು ಅದೊಂದೇ.

ಆ ಚಳಿಗಾಲದಲ್ಲಿ ಅವರ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಭಾನುವಾರ ನನ್ನನ್ನು ಕೆಳಗೆ ಕರೆದರು. ಮಗನೂ ಚಹಾ ಕುಡಿಯುತ್ತ ಕುಳಿತಿದ್ದ. ಕನ್ನಡದಲ್ಲಿ ಹೇಳಿದ್ದನ್ನು ಹಿಂದಿಯಲ್ಲಿ ಆಡಿ ತೋರಿಸುವ ಸೌಲಭ್ಯ ಫೋನಿನಲ್ಲಿದೆಯೆಂದು ನಾನೇ ಎಂದೋ ಹೇಳಿದ್ದೆ. ಅದನ್ನು ತೆರೆಯಲು ಹೇಳಿದರು.

“ನೀವೇ ಹಿಂದಿಯಲ್ಲಿ ಹೇಳಬಹುದಲ್ಲವ್ವ?”

“ನನ್ನ ಹಿಂದಿ ಸಂತಿ ಹಿಂದಿ. ಬದನಿಕಾಯಿ ಕೊಳ್ಳೂದಕ್ಕ ಸಾಕು. ಇದಕ್ಕ ಸಾಲಂಗಿಲ್ಲ.”

ಮೈಕ್ರೋಫೋನ್ ಬಳಸಲು ಅನುಮತಿಸಬೇಕೇ ಎಂದು ಫೋನು ಕೇಳಿತು. ಅವ್ವ ‘ಅನುಮತಿಸಿ’ ಎಂಬುದನ್ನು ಒತ್ತಿದರು. ನಾನು ನೋಡಿದ ಮಟ್ಟಿಗೆ ಅವರು ಅದಕ್ಕೆ ಕೊಟ್ಟ ಅಪ್ಪಣೆ ಅದೊಂದೇ. ಆಮೇಲೆ ಸೆರಗು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಹೇಳಿದರು: “ನಾನು ಹೋದ ಮೇಲೆ ನನ್ನನ್ನು ಮಣ್ಣು ಮಾಡಿ.”

ಫೋನಿನೊಳಗಿನ ಹೆಣ್ಣುದನಿ ಸಂಭ್ರಮದಿಂದ ಹೇಳಿತು: “ಮೇರೇ ಜಾನೇ ಕೇ ಬಾದ್ ಮೇರೀ ಮಿಟ್ಟೀ ಕರ್ ದೇನಾ.”

ಈ ಊರಿನಲ್ಲಿ ‘ಮಿಟ್ಟೀ’ ಎಂದರೆ ಹೆಣವೂ ಹೌದು, ಹೆಣದ ಸಂಸ್ಕಾರವೂ ಹೌದು. ಸುಡಲು ಹೋಗುವವರೂ ಮಿಟ್ಟಿಗೆ ಹೋಗುತ್ತೇವೆ ಎನ್ನುತ್ತಾರೆ. ಮಗ ಲೋಟ ಕೆಳಗಿಟ್ಟು, “ಕೈಸೀ ಬಾತ್ ಕರ್ತೀ ಹೋ ಅಮ್ಮಾ, ಮಿಟ್ಟೀ ತೋ ಕರೇಂಗೇ ಹೀ” ಎಂದ, ಎಂಥ ಮಾತು, ಮಿಟ್ಟಿಯಂತೂ ಮಾಡೇ ಮಾಡುತ್ತೇವೆ ಎಂದು. ಅವ್ವನಿಗೆ ತಿಳಿಯಿತು, ಮಾತು ಎಲ್ಲಿ ಜಾರಿತೆಂದು. ಎದ್ದು ಹೋಗಿ ಬಿಲ್ವದ ಕುಂಡದಿಂದ ಒಂದು ಹಿಡಿ ಮಣ್ಣು ತಂದು ಮಗನ ಅಂಗೈಯಲ್ಲಿ ಇಟ್ಟರು. “ಇದು. ಇದರಾಗ. ನಿಮ್ಮಪ್ಪನ ಹಂಗ. ಇಲ್ಲೇ ಎಲ್ಲೆರ ಜಾಗಾ ನೋಡು, ಮಠದವರು ಹೇಳತಾರ.” ನಾನೂ ಹಿಂದಿಯಲ್ಲಿ ಬಿಡಿಸಿ ಹೇಳಿದೆ.

“ಸಮಾಧಿ ತೋ ಬಾಬಾ ಲೋಗೋಂ ಕೀ ಹೋತೀ ಹೈ, ಅಮ್ಮಾ” ಎಂದು ಅವನು ನಕ್ಕ. ಸಮಾಧಿ ಸಾಧುಗಳಿಗೆ ಎಂದು. “ದುನಿಯಾ ಭರ್ ಕೇ ಲೋಗ್ ಯಹಾಂ ಜಲ್ನೇ ಕೋ ತರಸ್ತೇ ಹೈಂ.” ಎದ್ದು ನಲ್ಲಿಯಲ್ಲಿ ಕೈ ತೊಳೆದುಕೊಂಡ. ಮಣ್ಣು ನೀರಿನಲ್ಲಿ ಹರಿದು ಹೋಗುವುದನ್ನು ಅವ್ವ ನೋಡುತ್ತ ನಿಂತರು. ಜಗತ್ತಿನ ಜನ ಉರಿಯಲು ಹಂಬಲಿಸಿ ಬರುವ ಊರಿನಲ್ಲಿ ಅವರೊಬ್ಬರಿಗೆ ಅದು ಬೇಡವಾಗಿತ್ತು.

“ಕೇಳಿದ ಹಂಗಾತು, ಬಿಡ” ಎಂದರು ನನಗೆ. ಮಗ ಕೇಳಿಸಿಕೊಂಡ ಎಂದೋ, ತಾನು ಕೇಳಿ ಮುಗಿಸಿದೆ ಎಂದೋ, ನನಗೆ ಇಂದಿಗೂ ಗೊತ್ತಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ, ನಾನು ತರಗತಿಯಲ್ಲಿದ್ದಾಗ, ಅವ್ವ ಹೋದರು. ಸುದ್ದಿ ತಿಳಿದು ಆಟೋ ಹಿಡಿದು ಬರುವಷ್ಟರಲ್ಲಿ ಮನೆ ಖಾಲಿ. ಹೆಣ ಸುಡುವ ಹರಿಶ್ಚಂದ್ರ ಘಾಟ್ ನಮ್ಮ ಗಲ್ಲಿಯಿಂದ ಕೂಗಳತೆಯ ದೂರ. ಮೆಟ್ಟಿಲಿಳಿಯುವಾಗಲೇ ಚಿತೆ ಹೊತ್ತಿಕೊಂಡಿತ್ತು. ಮಠದ ಅಯ್ಯನವರೊಬ್ಬರು ವಿಭೂತಿಯ ಗಂಟು, ಬಿಲ್ವಪತ್ರೆಯ ಬುಟ್ಟಿ ಹಿಡಿದು, ಕೊಡಲು ಯಾರೂ ಇಲ್ಲದವರಂತೆ ನಿಂತಿದ್ದರು. “ಕೊರಳಾಗಿನ ಲಿಂಗ?” ಎಂದು ಮಗನನ್ನು ಕೇಳಿದರು. ಅವನು ಬೆಂಕಿಯ ಕಡೆ ಕೈ ತೋರಿದ.

ಕಣ್ಣು ಕೆಂಪಗಾಗಿ ಊದಿದ್ದ ಅವನೇ ನನ್ನ ಬಳಿ ಬಂದು, “ಅಮ್ಮಾ ನೇ ಖುದ್ ಕಹಾ ಥಾ ನ ದೀದೀ, ಮಿಟ್ಟೀ” ಎಂದ, ಅಮ್ಮನೇ ಹೇಳಿದ್ದಳಲ್ಲ ಎಂದು. ಅವನ ಅಳು ನಿಜವಾಗಿತ್ತು. ಅವನಿಗೆ ಅಂಗೈಯ ಮಣ್ಣು ನೆನಪಿತ್ತೇ? ಇತ್ತೆಂದು ನಾನು ನಂಬುತ್ತೇನೆ. ನನ್ನ ನಂಬಿಕೆಗೆ ಕೋಪದ ಹೊರತು ಬೇರೆ ಸಾಕ್ಷಿಯಿಲ್ಲ.

ತಿಂಗಳ ನಂತರ ಅವನು ಫೋನು ಹಿಡಿದು ಮೇಲೆ ಬಂದ. ತನ್ನ ಮಗಳಿಗೆ ಕೊಡಬೇಕು, ಎಲ್ಲ ಅಳಿಸಿ ಹೊಸದಾಗಿ ಶುರುಮಾಡಬೇಕು, ಅಕ್ಷರ ತಿಳಿಯುತ್ತಿಲ್ಲ ಎಂದ. ಗಾಜಿನ ಅಂಚಿನಲ್ಲಿ ಇನ್ನೂ ಬೂದಿ ಕೂತಿತ್ತು. ನಾನು ಅಳಿಸುವ ಜಾಗದವರೆಗೂ ಒತ್ತುತ್ತ ಹೋಗಿ ನಿಲ್ಲಿಸಿದೆ. ‘ಎಲ್ಲವೂ ಅಳಿಸಿಹೋಗುತ್ತದೆ. ಮರಳಿ ಪಡೆಯಲಾಗದು. ಮುಂದುವರಿಯಬೇಕೇ?’

“ಕ್ಯಾ ಪೂಛ್ ರಹಾ ಹೈ?”

ಏನು ಕೇಳುತ್ತಿದೆಯೆಂದು ಹೇಳಿದೆ. ಹೌದು ಯಾವುದು, ಬೇಡ ಯಾವುದು ಎಂದೂ ತೋರಿಸಿದೆ. “ಒತ್ತುವುದು ನೀವೇ ಒತ್ತಿ” ಎಂದೆ. ಅವನು ಅಂಗಿಯ ತುದಿಯಿಂದ ಗಾಜು ಒರೆಸಿ ಒತ್ತಿದ.

ಫೋನು ಕಪ್ಪಾಗಿ, ಬಹಳ ಹೊತ್ತಿನ ಮೇಲೆ ಮತ್ತೆ ಬೆಳಗಿತು. ಭಾಷೆಗಳ ಅದೇ ಪಟ್ಟಿ ಬಂತು. ಅವನ ಬೆರಳು ಕನ್ನಡವನ್ನು ದಾಟಿ ಹೋಗಿ ಹಿಂದಿಯ ಮೇಲೆ ನಿಂತಿತು. ಅದು ಏನೋ ಒಂದು ಅಪ್ಪಣೆ ಕೇಳಿತು, ಈ ಸಲ ಅವನಿಗೆ ಬರುವ ಭಾಷೆಯಲ್ಲೇ. ಓದದೆಯೇ ಅವನು ಹೌದೆಂದು ಒತ್ತಿದ.