ಕೆಂಪು ಚುಕ್ಕೆಯ ಬೀಕರ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ದೆವ್ವ ಭೂತ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬೆಳೆದವಳು ನಾನು. ಈಗ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಆದರೂ ಕೋಲಾರದ ಹೊರಗಿರುವ ನಮ್ಮ ಲ್ಯಾಬಿನಲ್ಲಿ ಆ ರಾತ್ರಿ ನಡೆದದ್ದು ನಡೆದೇ ನಡೆದಿದೆ. ಒಂದಕ್ಷರವನ್ನೂ ಸೇರಿಸದೆ ಹೇಳುತ್ತೇನೆ.

ಮೊದಲು ನಮ್ಮ ಕೆಲಸದ ವಿಷಯ. ನೀರಿಗೆ ಕರೆಂಟು ಹಾಯಿಸಿ ಒಡೆದರೆ ಹೈಡ್ರೋಜನ್ ಸಿಗುತ್ತದೆ. ಅದು ಹೊಗೆಯಿಲ್ಲದ ಇಂಧನ. ಕಡಿಮೆ ಕರೆಂಟಿನಲ್ಲಿ ಒಡೆಯಬೇಕೆಂದರೆ ಒಂದು ಕ್ಯಾಟಲಿಸ್ಟ್, ಅಂದರೆ ಕ್ರಿಯೆಯನ್ನು ಸುಲಭ ಮಾಡುವ ವಸ್ತು ಬೇಕು. ನಾವು ಅದನ್ನು ಮಾಡುತ್ತಿದ್ದುದು ಮಾವಿನ ವಾಟೆಯಿಂದ. ನಮ್ಮೂರು ಯಲ್ದೂರಿನಿಂದ ಬರುವಾಗ ನಾನೇ ಚೀಲದಲ್ಲಿ ವಾಟೆ ತುಂಬಿಕೊಂಡು ಬರುತ್ತಿದ್ದೆ. ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಅದನ್ನು ಒಲೆಯಲ್ಲಿ ಸುಟ್ಟು, ನಿಕ್ಕಲ್ ಸೇರಿಸಿ, ಕಪ್ಪು ಪುಡಿ ಮಾಡಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಒಂದು ಜಾಲರಿಯ ಮೇಲೆ ಸವರಿ ನೀರಿನಲ್ಲಿ ಇಳಿಬಿಡಬೇಕು.

ಶಬಾನಾ ನನ್ನ ಜೂನಿಯರ್. ಮುಳಬಾಗಿಲಿನವಳು. ಅವಳ ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುವವರು. ಜಾಲರಿಗೆ ಪುಡಿ ಸವರುವುದರಲ್ಲಿ ಅವಳ ಕೈಯೂ ಹಾಗೇ, ಒಂದೇ ಸಮ. ಸದಾ ಸೋಂಪು ಜಗಿಯುತ್ತಿದ್ದಳು. ತನ್ನ ಬೀಕರನ್ನು ಬೇರೆಯವರು ಎತ್ತಿಕೊಳ್ಳಬಾರದೆಂದು ಅದರ ಮೇಲೆ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಳು. ಜಾಲರಿಗೆ ಗುಳ್ಳೆ ಅಂಟಿಕೊಂಡಾಗ ಪೆನ್ನಿನಿಂದ ಗಾಜಿಗೆ ಎರಡೇ ಎರಡು ಸಲ ತಟ್ಟುವಳು. ಟಕ್... ಟಕ್. ಗುಳ್ಳೆಗಳು ಎದ್ದು ಹೋಗುತ್ತಿದ್ದವು.

ಅವಳು ಮಾಡಿದ ಒಂದು ಪುಡಿ ನಮ್ಮ ಲ್ಯಾಬಿನಲ್ಲಿ ಯಾರೂ ಕಾಣದಷ್ಟು ಚೆನ್ನಾಗಿ ಕೆಲಸ ಮಾಡಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅದೇ ಪುಡಿಯನ್ನು ನಾನು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅವಳ ರೀಡಿಂಗ್ ಬರಲಿಲ್ಲ.

“ರೀಡಿಂಗ್ ತಪ್ಪು ಬರ್ದಿದ್ದೀಯ ಕಣೇ,” ಎಂದೆ, ಎಲ್ಲರೆದುರಿಗೆ.

ಅವಳು ತಲೆ ತಗ್ಗಿಸಿದಳು. ಮಾರನೆಯ ದಿನದಿಂದ ಬರಲಿಲ್ಲ. ಎರಡು ದಿನ ಕಳೆದ ಮೇಲೆ ಫೋನ್ ಬಂತು. ದನಿ ಸಣ್ಣಗಿತ್ತು.

“ಅಕ್ಕಾ, ಒಂದ್ ತಪ್ಪು ಮಾಡ್ಬಿಟ್ಟಿದ್ದೀನಿ. ನಿಮ್ಗೆ ಹೇಳ್ಬೇಕು. ಬೈಬೇಡಿ...”

“ನಂಗೆ ಟೈಮಿಲ್ಲ ಶಬಾನಾ. ಏನಿದ್ರೂ ಗೈಡ್ ಸರ್ ಹತ್ರ ಹೇಳ್ಕೋ.”

ಫೋನ್ ಇಟ್ಟುಬಿಟ್ಟೆ. ಅವಳು ಆಸ್ಪತ್ರೆಯ ಹಾಸಿಗೆಯಿಂದ ಮಾತಾಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಡೆಂಗ್ಯೂ. ಫೋನ್ ಮಾಡಿದ ಮೂರನೆಯ ದಿನ ಹೋಗಿಬಿಟ್ಟಳು.

ಮುಳಬಾಗಿಲಿನ ಅವರ ಮನೆಗೆ ಹೋದಾಗ ಅವಳ ಅಬ್ಬಾ ನನ್ನ ಕೈ ಹಿಡಿದುಕೊಂಡರು. “ಬೇಟಿ, ಅವಳ್ ಹೆಸ್ರು ಅಚ್ಚಾಗುತ್ತೆ ಅಂತಿದ್ಲು. ಆದಾಗ ಒಂದ್ ಕಾಪಿ ತಂದ್ಕೊಡಮ್ಮ.” ನಾನು ಹೂಂ ಎಂದೆ.

ಒಂದು ತಿಂಗಳ ಮೇಲೆ, ಸರ್ ನಮ್ಮ ಪ್ರಬಂಧ ಕಳಿಸಿದ್ದ ವಿಜ್ಞಾನ ಪತ್ರಿಕೆಯವರಿಂದ ಉತ್ತರ ಬಂತು. ಶಬಾನಾಳ ಫಲಿತಾಂಶವನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದರು. ಸರ್ ನನ್ನನ್ನು ಕರೆದರು. “ಇನ್ನೊಂದೇ ಸಲ ನೋಡಮ್ಮ. ಬರ್ಲಿಲ್ಲ ಅಂದ್ರೆ ಅವಳ ಡೇಟಾ ತೆಗೀಬೇಕು. ಡೇಟಾ ಹೋದ್ರೆ ಹೆಸ್ರೂ ಹೋಗುತ್ತೆ.”

ಆ ಕೊನೆಯ ಸಲವೇ ಆ ರಾತ್ರಿ.

ಈ ಪರೀಕ್ಷೆಯನ್ನು ಮಧ್ಯೆ ನಿಲ್ಲಿಸುವಂತಿಲ್ಲ. ರಾತ್ರಿಯಿಡೀ ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು. ಕಾರಿಡಾರಿನ ದೀಪ ಆರಿಸಿ, ವಾಚ್‌ಮನ್ ಮುನಿವೆಂಕಟಪ್ಪ ಬಾಗಿಲಲ್ಲಿ ಇಣುಕಿದ. “ಅಯ್ಯೋ, ಒಬ್ರೇ ಇರ್ತೀರಾ ಅಮ್ಮಾ? ಏನಾದ್ರೂ ಬೇಕಂದ್ರೆ ಕೂಗಿ,” ಎಂದು ಹೇಳಿ ಹೋದ.

ಹನ್ನೊಂದು ಗಂಟೆ. ಹನ್ನೆರಡು. ವೋಲ್ಟೇಜ್ ಏರುತ್ತಲೇ ಇತ್ತು. ಅದು ಏರಿತೆಂದರೆ ಪುಡಿ ಸೋತಿತು ಎಂದೇ ಅರ್ಥ. ಒಂದು ಗಂಟೆಯ ರೀಡಿಂಗ್ ಬರೆಯುವಾಗ ಕಣ್ಣು ಮಂಜಾಯಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಟಕ್... ಟಕ್.

ತಲೆ ಎತ್ತಿದೆ. ಜಾಲರಿಯ ಮೇಲಿದ್ದ ಗುಳ್ಳೆಗಳೆಲ್ಲ ಒಮ್ಮೆಗೇ ಮೇಲೆದ್ದು ಹೋಗುತ್ತಿದ್ದವು. ಯಾರೂ ಇರಲಿಲ್ಲ. ಫ್ಯಾನಿನ ಸದ್ದಿರಬೇಕು ಎಂದುಕೊಂಡೆ. ಆದರೆ ಪರೀಕ್ಷೆ ನಡೆಯುವಾಗ ನಾವು ಫ್ಯಾನ್ ಹಾಕುವುದೇ ಇಲ್ಲ.

ಆಮೇಲೆ ವಾಸನೆ ಬಂತು. ಸುಟ್ಟ ವಾಟೆಯ ವಾಸನೆ... ಒಲೆ ಆರಿಸಿ ನಾಲ್ಕು ದಿನವಾಗಿತ್ತು. ಅದರ ಹಿಂದೆಯೇ ತೆಳ್ಳಗೆ ಸೋಂಪಿನ ವಾಸನೆ.

ಪಕ್ಕದ ತೊಳೆಯುವ ಕೋಣೆಯಲ್ಲಿ ನಲ್ಲಿ ಸುರಿಯತೊಡಗಿತು.

ಫೋನಿನ ಬೆಳಕು ಹಿಡಿದು ಹೋದೆ. ಸಿಂಕಿನಲ್ಲಿ ಒಂದು ಬೀಕರ್. ನೀರು ತುಂಬಿ ಹೊರಚೆಲ್ಲುತ್ತಿತ್ತು. ಅದರ ಮೈಮೇಲೆ ಕೆಂಪು ಚುಕ್ಕೆ.

ಅದನ್ನು ಶಬಾನಾಳ ಮಿಕ್ಕ ಸಾಮಾನಿನ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದವಳು ನಾನೇ. ಬೀಗದ ಕೈ ನನ್ನ ಕೊರಳ ದಾರದಲ್ಲೇ ಇತ್ತು.

ಬೀಕರಿನ ತಳದಲ್ಲಿ ಕಪ್ಪು ಪುಡಿ ಸುತ್ತುತ್ತಿತ್ತು. ಓಡಿಬಂದು ನನ್ನ ಮೇಜು ನೋಡಿದೆ. ಮಿಕ್ಕಿದ್ದ ಪುಡಿಯ ಶೀಶೆ ಖಾಲಿ. ಭಯಕ್ಕಿಂತ ಮೊದಲು ಬಂದದ್ದು ಕೋಪ. ನನ್ನ ಬುದ್ಧಿಯೇ ಅಷ್ಟು.

“ಬೋರ್ ನೀರಲ್ಲಿ ತೊಳೆದ್ರೆ ಎಲ್ಲಾ ಹಾಳಾಗುತ್ತೆ ಅಂತ ಎಷ್ಟ್ ಸಲ ಹೇಳ್ಬೇಕೇ ನಿಂಗೆ!” ಎಂದು ಕಿರುಚಿದೆ.

ಕಿರುಚಿದ ಮೇಲೆ ನಾನಾಡಿದ ಮಾತೇ ನನಗೆ ಹೊಳೆಯಿತು.

ನಮ್ಮ ಡಿಸ್ಟಿಲ್ಡ್ ವಾಟರ್ ಮೆಷಿನ್ ಕೆಟ್ಟು ಬಹಳ ದಿನವಾಗಿತ್ತು. ಹೊರಗಿನಿಂದ ಕ್ಯಾನ್ ತರಿಸುತ್ತಿದ್ದೆವು. ಶಬಾನಾ ತುಂಬಾ ಸುರಿಯುತ್ತಾಳೆಂದು ಬೈದು, ಕ್ಯಾನನ್ನು ಬೀರುವಿಗೆ ಸೇರಿಸಿ ಬೀಗ ಜಡಿದಿದ್ದೆ. ಕೇಳಿದರೆ ಕೊಡುತ್ತಿದ್ದೆ. ಆದರೆ ಕೇಳಲು ಅವಳಿಗೆ ನನ್ನ ಭಯ. ಕೇಳದೆ ನಲ್ಲಿಯ ಬೋರ್ ನೀರಿನಲ್ಲೇ ತೊಳೆದಿದ್ದಳು. ಫೋನಿನಲ್ಲಿ ಹೇಳಲು ಹೊರಟ ತಪ್ಪು ಇದೇ.

ಆ ಪುಡಿಯನ್ನೇ ಸೋಸಿ, ದೀಪದ ಬಿಸಿಗೆ ಒಣಗಿಸಿ, ಹೊಸ ಜಾಲರಿಗೆ ಸವರಿ ಇಳಿಬಿಟ್ಟೆ. ಮೂರೂವರೆಗೆ ಸ್ವಿಚ್ ಹಾಕಿದೆ.

ವೋಲ್ಟೇಜ್ ಇಳಿಯಿತು. ಇಳಿದು, ಶಬಾನಾ ಅಂದು ಬರೆದಿದ್ದ ಅಂಕಿಯ ಮೇಲೆ ನಿಂತಿತು. ಬೆಳಗಿನವರೆಗೂ ಕದಲಲಿಲ್ಲ. ನಾನು ಗಾಜಿಗೆ ಹಣೆ ಹಚ್ಚಿಕೊಂಡು, “ತಪ್ಪಾಯ್ತು ಕಣೇ... ತಪ್ಪಾಯ್ತು,” ಎಂದು ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಸೋಂಪಿನ ವಾಸನೆ ಹೋಗಿತ್ತು.

ಬೆಳಿಗ್ಗೆ ಮುನಿವೆಂಕಟಪ್ಪನಿಗೆ ಹೇಳಿದೆ, “ರಾತ್ರಿ ನಲ್ಲಿ ತಾನಾಗೇ ಸುರೀತಿತ್ತು.”

ಅವನು ನನ್ನ ಮುಖವನ್ನೇ ನೋಡಿದ. “ಎಲ್ಲಿ ನೀರಮ್ಮಾ? ಮೋಟ್ರು ಸುಟ್ಟೋಗಿ ಎರಡ್ ದಿನ ಆಯ್ತು. ಟ್ಯಾಂಕಲ್ಲಿ ಒಂದ್ ತೊಟ್ಟೂ ಇಲ್ಲ.”

ಓಡಿಹೋಗಿ ನಲ್ಲಿ ತಿರುಗಿಸಿದೆ. ಬರೀ ಗಾಳಿ ಬುಸ್ಸೆಂದಿತು. ಸಿಂಕು ಮಾತ್ರ ಇನ್ನೂ ಒದ್ದೆಯಾಗಿತ್ತು.

ಆಮೇಲೆ ಮೋಟರ್ ರಿಪೇರಿಯಾದಾಗ ನೀರನ್ನು ಪರೀಕ್ಷೆ ಮಾಡಿದೆವು. ತುಕ್ಕು ಹಿಡಿದ ಪೈಪಿನಿಂದ ಅದರಲ್ಲಿ ಕಬ್ಬಿಣ ಸೇರುತ್ತಿತ್ತು. ನಿಕ್ಕಲ್ ಜೊತೆ ಆ ಚಿಟಿಕೆ ಕಬ್ಬಿಣ ಸೇರಿದ್ದಕ್ಕೇ ಅವಳ ಪುಡಿ ಅಷ್ಟು ಚೆನ್ನಾಗಿ ಓಡಿದ್ದು. ಸರ್ ಅವಳ ಹೆಸರನ್ನು ಮೊದಲಿಗೇ ಹಾಕಿದರು. ಆ ರಾತ್ರಿಯ ನೀರು ಎಲ್ಲಿಂದ ಬಂತೆಂದು ನಾನು ಅವರನ್ನು ಕೇಳಲಿಲ್ಲ. ಈಗ ನಾನು ಯಾವ ಕ್ಯಾನಿಗೂ ಬೀಗ ಹಾಕುವುದಿಲ್ಲ. ರಾತ್ರಿ ಪರೀಕ್ಷೆಗೆ ಒಬ್ಬಳೇ ಕೂರುವುದೂ ಇಲ್ಲ.

ಪ್ರಬಂಧ ಅಚ್ಚಾದ ಮೇಲೆ ಕಾಪಿ ತೆಗೆದುಕೊಂಡು ಮುಳಬಾಗಿಲಿಗೆ ಹೋದೆ. ಶಬಾನಾಳ ಅಬ್ಬಾಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಗಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಕಲಾಯಿಯ ಮಸಿ ಹಿಡಿದ ಬೆರಳನ್ನು ಅಂಗಿಗೆ ಒರೆಸಿಕೊಂಡು, ಅವರೂ ಅಲ್ಲೇ ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಆಸ್ಪತ್ರೆಯಿಂದ ನಿಂಗೆ ಫೋನ್ ಮಾಡಿದ್ಲಲ್ಲ ಬೇಟಿ,” ಎಂದರು. “ಇಟ್ಟ ಮೇಲೆ ಒಂದೇ ಸಮ ಅದೇ ಮಾತು. ಅಕ್ಕ ಕೇಳಿಸ್ಕೊಳ್ಲಿಲ್ಲ ಅಬ್ಬಾ, ಇನ್ನೊಂದ್ಸಲ ಹೇಳ್ತೀನಿ ಅಂತ. ಕೊನೇವರ್ಗೂ ಅದೇ. ಹೇಳಿದ್ಲಾ?”

“ಹೇಳಿದ್ಲು ಚಾಚಾ.”

ಅವರ ಮುಖ ಅರಳಿತು. “ಯಾವಾಗಮ್ಮ?” ಎಂದು ಕೇಳಿದರು.