ಒಂದು ನಿಮಿಷಕ್ಕೆ ಇಪ್ಪತ್ತು ಲೆಕ್ಕ

ನಾನು ಕೊಪ್ಪದ ಒಂದು ಪ್ರೈಮರಿ ಶಾಲೆಯ ಟೀಚರು. ಹೋದ ವರ್ಷ ಮಕ್ಕಳ ಗಣಿತ ಪರೀಕ್ಷಿಸಲು ನನ್ನನ್ನು ಜಯಪುರದ ಆಚೆಯ ಶಾಲೆಗೆ ಹಾಕಿದರು. ನಮ್ಮ ಮಕ್ಕಳನ್ನು ನಾವೇ ಪರೀಕ್ಷಿಸಿದರೆ ಮಾರ್ಕು ಧಾರಾಳ ಕೊಡುತ್ತೇವಂತೆ. ಅದಕ್ಕೇ ನಾನು ಅಲ್ಲಿಗೆ, ಅಲ್ಲಿಯವರು ಶೆಟ್ಟಿಕೊಪ್ಪಕ್ಕೆ, ಶೆಟ್ಟಿಕೊಪ್ಪದವರು ಇನ್ನೆಲ್ಲಿಗೋ. ಅವತ್ತು ಎಲ್ಲರೂ ಬಸ್ಸು ಹತ್ತಿದ್ದೇ ಬಂತು, ಪಾಠ ಎಲ್ಲೂ ನಡೆಯಲಿಲ್ಲ.

ಪರೀಕ್ಷೆ ಮೊಬೈಲ್ ಆ್ಯಪಿನಲ್ಲಿ. ಮೂರನೇ ಕ್ಲಾಸಿನ ಮಗುವಿಗೆ ಒಂದು ನಿಮಿಷ, ಕೂಡುವ ಕಳೆಯುವ ಇಪ್ಪತ್ತು ಲೆಕ್ಕ. ಮಗು ಬಾಯಲ್ಲಿ ಉತ್ತರ ಹೇಳಬೇಕು, ನಾನು ಸರಿಯೋ ತಪ್ಪೋ ಒತ್ತಬೇಕು. ನಿಮಿಷ ಮುಗಿದರೆ ಪರದೆ ತಾನೇ ಮುಚ್ಚಿಕೊಳ್ಳುತ್ತದೆ.

ಏಳನೆಯವಳಾಗಿ ಬಂದವಳು ಕಾಫಿ ತೋಟದ ಕೆಲಸದವರ ಮಗಳು. ಮೊದಲೆರಡು ಲೆಕ್ಕ ಸರಿ ಹೇಳಿದಳು. ಮೂರನೆಯದು ಐವತ್ತೆರಡರಲ್ಲಿ ಮೂವತ್ತೆಂಟು ಕಳೆಯುವುದು. ತಲೆ ಎತ್ತಿ ಮಾಡಿನ ಹೆಂಚು ನೋಡುತ್ತಾ ಕೂತಳು. ನಾನು ಗಡಿಯಾರ ನೋಡುತ್ತಾ ಕೂತೆ.

“ಹದಿನಾಲ್ಕು,” ಅಂದಳು ಕಡೆಗೆ.

“ಹೇಗೆ ಮಾಡಿದೆ ಪುಟ್ಟಿ?” ಕೇಳಬಾರದಿತ್ತು, ಕೇಳಿಬಿಟ್ಟೆ.

“ಮೂವತ್ತೆಂಟಕ್ಕೆ ಎರಡು ಹಾಕಿದ್ರೆ ನಲವತ್ತು ಮಿಸ್. ಅಲ್ಲಿಂದ ಐವತ್ತೆರಡಕ್ಕೆ ಇನ್ನು ಹನ್ನೆರಡು.”

ಶಾಲೆಯಲ್ಲಿ ನಾವು ಯಾರೂ ಹೀಗೆ ಹೇಳಿಕೊಡುವುದಿಲ್ಲ, ಅವಳೇ ಕಂಡುಕೊಂಡದ್ದು. ಅಷ್ಟರಲ್ಲಿ ಪರದೆ ಮುಚ್ಚಿಕೊಂಡಿತು: ಇಪ್ಪತ್ತಕ್ಕೆ ಮೂರು, ‘ಆರಂಭಿಕ ಹಂತ’.

ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಹತ್ತಿರ ಹೋಗಿ ಮೇಲಿನ ಅಧಿಕಾರಿಗೆ ಫೋನ್ ಮಾಡಿದೆ.

“ಸರ್, ಹೇಗೆ ಮಾಡಿದೆ ಅಂತ ಕೇಳಿದೆ, ಈ ಮಗುವಿಗೆ ಗಣಿತ ಚೆನ್ನಾಗಿ ಬರುತ್ತೆ. ಅದನ್ನು ಎಲ್ಲಿ ಬರೀಲಿ?”

“ಬರೆಯೋಕೆ ಕಾಲಂ ಇಲ್ಲ ಮೇಡಂ. ನೀವು ಮಧ್ಯೆ ಮಾತಾಡ್ಸಿದ್ದು ಯಾಕೆ?”

ಎರಡು ವಾರದ ಮೇಲೆ ನನಗೆ ನರಸಿಂಹರಾಜಪುರದಲ್ಲಿ ತರಬೇತಿ. ವಿಷಯ: ಮಕ್ಕಳನ್ನು ಮಾತಾಡಿಸದೆ ಪರೀಕ್ಷೆ ಮಾಡುವುದು. ಆ ಶಾಲೆಯ ಮೇಷ್ಟ್ರಿಗೆ, ಮಕ್ಕಳ ಮಾರ್ಕು ಕಮ್ಮಿಯೆಂದು ನೋಟಿಸು.

ಮೂರು ತಿಂಗಳ ಮೇಲೆ ಎರಡನೇ ಸುತ್ತಿಗೂ ಅಲ್ಲಿಗೇ ಹೋದೆ. ನೋಟಿಸು ಬಂದ ಮೇಷ್ಟ್ರನ್ನು ಮಾತ್ರ ಎಲ್ಲಿಗೂ ಹಾಕಿರಲಿಲ್ಲ. ಈ ಸಲ ಅದೇ ಹುಡುಗಿ ಪಟಪಟ ಉತ್ತರ ಉದುರಿಸಿದಳು. ಅರವತ್ತೊಂದರಲ್ಲಿ ಇಪ್ಪತ್ತೇಳು ಹೋದರೆ? “ನಲವತ್ತಾರು!” ಹದಿನಾರು ಲೆಕ್ಕದಲ್ಲಿ ಆರು ಸರಿ. ಆ್ಯಪು ಅವಳನ್ನು ಒಂದು ಹಂತ ಮೇಲಕ್ಕೆ ಏರಿಸಿತು.

“ಎಷ್ಟು ಚುರುಕಾಗಿದ್ದಾಳೆ ನೋಡಿ ಮೇಡಂ,” ಅಂದರು ಮೇಷ್ಟ್ರು. “ದಿನಾ ಗಡಿಯಾರ ಇಟ್ಟು ಹೇಳಿಸ್ತೀನಿ. ಯೋಚನೆ ಮಾಡ್ತಾ ಕೂರಬೇಡಿ, ಬಾಯಿಗೆ ಬಂದದ್ದು ಹೇಳಿ ಅಂದಿದೀನಿ.”

“ಎಂತ ಮಾರಾಯ್ರೆ ನೀವು!” ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ನೋಟಿಸು ಬಂದದ್ದು ಅವರಿಗೆ, ನನಗಲ್ಲ. ಯಾರ ಮೇಲೆ ರೇಗಬೇಕೋ ಗೊತ್ತಾಗಲಿಲ್ಲ.

ಊಟದ ಬೆಲ್ ಆದಮೇಲೆ ಮೊಬೈಲನ್ನು ಬ್ಯಾಗಿಗೆ ಹಾಕಿ, ಹುಡುಗಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಅದೇ ಅರವತ್ತೊಂದರ ಲೆಕ್ಕ ಮತ್ತೆ ಕೇಳಿದೆ.

“ಟೈಮ್ ಎಷ್ಟು ಮಿಸ್?”

“ಟೈಮೇ ಇಲ್ಲ. ನಿಧಾನ ಮಾಡು.”

ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಬ್ಯಾಗನ್ನೇ ನೋಡುತ್ತಾ ಇನ್ನೊಮ್ಮೆ “ನಲವತ್ತಾರು” ಅಂದಳು. ನಾನು ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿದೆ. ತುಂಬ ಹೊತ್ತಿನ ಮೇಲೆ ಬೆರಳು ಮಡಚುತ್ತಾ, ಮೆಲ್ಲಗೆ, ಯಾರಿಗಾದರೂ ಕೇಳಿಸೀತೋ ಅನ್ನುವ ಹಾಗೆ, “ಮೂವತ್ನಾಲ್ಕು” ಅಂದಳು.

“ಸರಿ!” ಅಂದೆ.

“ಆದ್ರೆ ಲೇಟಾಯ್ತಲ್ವಾ ಮಿಸ್?”