ಹಲಸಿನ ಹಲಗೆಯೊಳಗಿನ ಮೊಳೆ

ಅರದಿಂದ ಉಜ್ಜಿದ ಹಳದಿ ಮರದ ಮೇಲೆ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಬಡಗಿ ಆಚಾರ್ರು ಉಳಿಯ ಮೂಲೆಯಿಂದ ಕೆದಕಿದರೆ ಅದರಡಿ ತುಕ್ಕು ಹಿಡಿದ ಮೊಳೆ. ಅಲ್ಲಿಂದ ಕೂದಲೆಳೆಯಂಥ ಬಿರುಕು ಮರದುದ್ದಕ್ಕೂ ಓಡಿತ್ತು.

"ಇದನ್ನ ಭುಜಕ್ಕಿಟ್ಟು ಹೊಡೆದ್ರೆ ಸೀಳ್ಕೊಳ್ತದೆ ಗೌಡ್ರೇ," ಎಂದರು ಅಪ್ಪನಿಗೆ.

ಮಾಕಳಿದುರ್ಗದ ಕೆಳಗಿನ ನಮ್ಮ ಹೊಲಕ್ಕೆ ಹಂದಿ ನುಗ್ಗುತ್ತಿದ್ದರಿಂದ ಅಪ್ಪ ಲೈಸೆನ್ಸ್ ಇದ್ದ ನಾಡಬಂದೂಕು ಇಟ್ಟುಕೊಂಡಿದ್ದರು. ಅದಕ್ಕೆ ಹೊಸ ಮರದ ಹಿಡಿ ಮಾಡಿಸಲೆಂದು ಹಿತ್ತಲಲ್ಲಿ ಕಡಿಸಿದ ಹಲಸಿನ ಮರದ ಹಲಗೆಯನ್ನು ಮೂರು ವರ್ಷ ಅಟ್ಟದಲ್ಲಿ ಒಣಗಿಸಿದ್ದರು.

"ನಮ್ಮ ಮರದಲ್ಲಿ ಕಬ್ಬಿಣ ಎಲ್ಲಿಂದ ಬರ್ತದೆ? ಹಲಗೆ ಬದಲಾಯ್ಸಿದೀಯ ಆಚಾರಿ," ಅಪ್ಪ ರೇಗಿದರು.

"ನಿಮ್ಮ ಒಂದ್ ಹಲಗೆ ಕದ್ದು ನಾನೇನ್ ಅರಮನೆ ಕಟ್ಟಲಾ?" ಆಚಾರ್ರು ಉಳಿ ಕೆಳಗಿಟ್ಟರು. "ಇನ್ಮೇಲೆ ನಿಮ್ ನೇಗಿಲಿಗೂ ಬೇರೆಯವರ್ನೇ ನೋಡ್ಕೊಳ್ಳಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮೊಳೆ ಹೊಡೆದವಳು ನಾನೇ. ಕಾಯಿ ಬಿಡದ ಮರಕ್ಕೆ ಕಬ್ಬಿಣ ಹೊಡೆದರೆ ಹೆದರಿ ಕಾಯಿ ಬಿಡುತ್ತದೆ ಎಂದು ಅಜ್ಜಿ ಹೇಳಿ, ನನ್ನ ಕೈಗೆ ಸುತ್ತಿಗೆ ಕೊಟ್ಟಿದ್ದರು. ನನಗಾಗ ಎಂಟು ವರ್ಷ. ಮರ ಬೆಳೆಯುತ್ತಾ ಮೊಳೆಯನ್ನು ಒಳಗೆ ಸೇರಿಸಿಕೊಂಡಿತು, ನಾನು ಮರೆತೆ. ಈಗ ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಇಂಥ ಮೂಢನಂಬಿಕೆಯ ಕೆಲಸವನ್ನು ಅವರಿಬ್ಬರ ಮುಂದೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಒಬ್ಬ ಮನುಷ್ಯನನ್ನು ಕಳ್ಳನೆಂದದ್ದು ಕಿವಿಗೆ ಬಿದ್ದರೂ ಸುಮ್ಮನಿದ್ದೆ. ಮನೆಯವರೆಗೂ ಅಪ್ಪ ಬೈಯುತ್ತಲೇ ಬಂದರು. ನಾನು ಎರಡು ಹೆಜ್ಜೆ ಹಿಂದೆ ನಡೆದೆ.

ಮರುದಿನ ಬೆಳಿಗ್ಗೆ ಅಪ್ಪ ಕಾಫಿ ಕುಡಿಯುವಾಗ ಎಲ್ಲವನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಆಮೇಲೆ, "ನೀನೇ ಹೋಗಿ ಹೇಳು," ಎಂದರು. ನಾನು ಒಬ್ಬಳೇ ಆಚಾರ್ರ ಮನೆಗೆ ಹೋಗಿ, ಅವರು ಎದ್ದು ಹೊರಗೆ ಬರುವವರೆಗೆ ಜಗಲಿಯ ಮುಂದೆ ನಿಂತು ಕಾದೆ.